ರಕ್ಷಣಾ ತಂಡದ ಕರೆ ಬಂದರೆ ಕೊಟ್ಟಿಗೆಯನ್ನು ಎರಡು ಮೂರು ದಿನ ಮನೆಯವರ ಕೈಗೆ ಬಿಟ್ಟು ಹೊರಡುವುದು ಹೇಗೆ?

ಕೊಟ್ಟಿಗೆಮನೆ ಕೇಳಿದ್ದು:

ಕೈಯಲ್ಲಿ ಕರೆಯುವ ಹಸು ಆರು, ತುಂಬು ಗಬ್ಬದ ಪಡ್ಡೆ ಎರಡು, ಕರು ಮೂರು. ಜೊತೆಗೆ ಡ್ರಿಪ್ ಹಾಕಿದ ಮೂರು ಎಕರೆ ತೋಟ. ಆಳುಗಳಿಲ್ಲ, ಮನೆಯವರೇ ಎಲ್ಲ ಮಾಡುವುದು. ನಾನು ಊರಿನ ರಕ್ಷಣಾ ತಂಡದಲ್ಲೂ ಇದ್ದೇನೆ. ನೆರೆ ಬಂದರೆ ಜನ, ಜಾನುವಾರು ಸಾಗಿಸುವುದು, ಬೇಸಿಗೆಯಲ್ಲಿ ಬೆಂಕಿ, ಉಳಿದ ದಿನಗಳಲ್ಲಿ ರಕ್ತದಾನ ಶಿಬಿರ. ಕರೆ ಬಂದ ಅರ್ಧ ಗಂಟೆಯೊಳಗೆ ಹೊರಡಬೇಕು, ಕೆಲವು ಸಲ ಎರಡು ಮೂರು ದಿನ ವಾಪಸ್ ಬರಲು ಆಗುವುದಿಲ್ಲ.

ಆಗ ಮನೆಯಲ್ಲಿ ಉಳಿಯುವವರು ಅಮ್ಮ (ಹಾಲು ಕರೆಯುತ್ತಾರೆ, ಆದರೆ ಆರೂ ಹಸು ಒಬ್ಬರಿಂದ ಆಗದು), ಹದಿನಾರು ವರ್ಷದ ಮಗ, ಕರೆದರೆ ಬರುವ ಪಕ್ಕದ ಮನೆಯವರೊಬ್ಬರು. ಗೋಡೆಗೆ ಒಂದು ಹಾಳೆ ಅಂಟಿಸಿ ಹೋಗೋಣ ಅಂದುಕೊಂಡಿದ್ದೇನೆ. ಅದರಲ್ಲಿ ಏನಿರಬೇಕು, ಏನು ಬೇಡ? ನಾನಿಲ್ಲದಾಗ ಹೆಚ್ಚಾಗಿ ಎಡವಟ್ಟಾಗುವುದು ಎಲ್ಲಿ? ತಂಡ ಬಿಡಬೇಕಾ ಎಂಬ ಪ್ರಶ್ನೆ ಇಲ್ಲ, ದಯವಿಟ್ಟು ಆ ಸಲಹೆ ಬೇಡ.

---

ಗೋದಲಿ ಉತ್ತರ:

ಹೆಚ್ಚಾಗಿ ಎಡವಟ್ಟಾಗುವುದು ಹಿಂಡಿಯಲ್ಲಿ. ಬದಲಿಗೆ ಬಂದವರು ಕಡಿಮೆ ಹಾಕಿ ಕೆಡಿಸುವುದು ಅಪರೂಪ, ಪ್ರೀತಿಯಿಂದ ಹೆಚ್ಚು ಹಾಕಿಯೇ ಕೆಡಿಸುತ್ತಾರೆ. ಹಸು ಕೂಗಿತು, ಪಾಪ, ಇನ್ನೊಂದು ಬೊಗಸೆ. ಇಲ್ಲವೇ ಚೀಲದ ಬಾಯಿ ಕಟ್ಟದೆ ಬಿಟ್ಟು, ರಾತ್ರಿ ಹಗ್ಗ ಬಿಚ್ಚಿಕೊಂಡ ಹಸು ಅರ್ಧ ಚೀಲ ಮುಗಿಸುತ್ತದೆ. ಧಾನ್ಯ, ಪೆಲೆಟ್ ಒಮ್ಮೆಗೇ ಹೆಚ್ಚು ಹೊಟ್ಟೆಗೆ ಹೋದರೆ ಒಳಗೆ ಹುಳಿಯಾಗುತ್ತದೆ. 12ರಿಂದ 24 ಗಂಟೆಯೊಳಗೆ ಮೆಲುಕು ನಿಲ್ಲುತ್ತದೆ, ಸಗಣಿ ತೆಳುವಾಗಿ ಹುಳಿ ವಾಸನೆ ಹೊಡೆಯುತ್ತದೆ, ಹಸು ತೂಕಡಿಸುತ್ತ ಮಲಗಿಬಿಡುತ್ತದೆ. ಇದು ಪ್ರಾಣಕ್ಕೇ ಬರಬಹುದು.

ಹಾಗಾಗಿ ಹಾಳೆಯಲ್ಲಿ "ಎರಡು ಡಬ್ಬ" ಅಂತ ಬರೆಯಬೇಡಿ. ಒಂದು ಲೀಟರ್ ಡಬ್ಬದಲ್ಲಿ ಬೂಸಾ ಕಾಲು ಕೆಜಿಯ ಆಸುಪಾಸು ತೂಗುತ್ತದೆ, ಅದೇ ಡಬ್ಬದಲ್ಲಿ ಪೆಲೆಟ್ ಅರ್ಧ ಕೆಜಿ ಮೀರುತ್ತದೆ. ಒಂದೊಂದು ಹಸುವಿಗೆ ಒಂದೊಂದು ಹೊತ್ತಿನದನ್ನು ತೂಗಿ, ಚೀಲ ಕಟ್ಟಿ, ಹಸುವಿನ ಹೆಸರು ಬರೆದಿಡಿ. ಆರು ಹಸು, ದಿನಕ್ಕೆ ಎರಡು ಹೊತ್ತು, ಮೂರು ದಿನ ಅಂದರೆ 36 ಚೀಲ. ನೆರೆಗಾಲದಲ್ಲಿ ಇವು ಯಾವಾಗಲೂ ತಯಾರಿರಲಿ, ವಾರಕ್ಕೊಮ್ಮೆ ಬಳಸಿ ಹೊಸದು ಕಟ್ಟಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಮೂಲ ಮೂಟೆಗಳಿರುವ ಕೋಣೆಗೆ ಬೀಗ. ಹಸು ಕೂಗಿದರೆ ಒಣಮೇವು ಎಷ್ಟು ಬೇಕಾದರೂ ಹಾಕಲಿ, ಅದರಿಂದ ಕೇಡಿಲ್ಲ.

ಇನ್ನು ಹಾಲು ಕರೆಯುವುದು. ಎರಡು ಕರೆಗಳ ನಡುವೆ 12 ಗಂಟೆ ಇದ್ದರೆ ಒಳ್ಳೆಯದು, ಆದರೆ ಎರಡು ಮೂರು ಗಂಟೆ ತಡವಾದರೆ ಆಕಾಶ ಬೀಳುವುದಿಲ್ಲ. ಅವಸರದಲ್ಲಿ ಅರ್ಧ ಕರೆದು ಎದ್ದುಬಿಡುವುದೇ ಹೆಚ್ಚು ಕೆಟ್ಟದ್ದು, ಕೆಚ್ಚಲು ಬಾವಿಗೆ ಅದು ಕರೆದು ಮಣೆ ಹಾಕಿದಂತೆ. ಹಾಳೆಯಲ್ಲಿ ಕ್ರಮ ಹೀಗಿರಲಿ: ಪ್ರತಿ ಮೊಲೆಯಿಂದ ಮೊದಲ ಮೂರು ನಾಲ್ಕು ಧಾರೆ ಕಪ್ಪು ಬಟ್ಟಲಿಗೆ (ಗರಣೆ, ರಕ್ತ ಕಂಡರೆ ಆ ಹಾಲು ಬೇರೆ), ಅಯೋಡಿನ್ ದ್ರಾವಣದಲ್ಲಿ ಅದ್ದಿ 30 ಸೆಕೆಂಡ್, ಒಂದು ಹಸುವಿಗೆ ಒಂದೇ ಬಟ್ಟೆಯಲ್ಲಿ ಒಣಗುವಂತೆ ಒರೆಸು, ತಕ್ಷಣ ಕರೆ. ಕೆಚ್ಚಲು ಮುಟ್ಟಿದ ಒಂದು ಒಂದೂವರೆ ನಿಮಿಷಕ್ಕೆ ಸೊರ ಬಿಡುತ್ತದೆ (ಹಾಲು ಮೊಲೆಗೆ ಇಳಿಯುತ್ತದೆ), ಐದಾರು ನಿಮಿಷದಲ್ಲಿ ಅದರ ಬಲ ಇಳಿಯುತ್ತದೆ. ಆರೂ ಹಸುಗಳ ಕೆಚ್ಚಲು ಮೊದಲೇ ತೊಳೆದಿಟ್ಟು ಆಮೇಲೆ ಸಾಲಾಗಿ ಕರೆಯಲು ಕೂತರೆ ಕೊನೆಯ ಹಸು ಹಾಲೇ ಕೊಡುವುದಿಲ್ಲ. ಕರೆದ ಮೇಲೆ ಮತ್ತೆ ಅಯೋಡಿನ್, ಮುಂದೆ ಮೇವು ಹಾಕಿ ಅರ್ಧ ಗಂಟೆ ಮಲಗದಂತೆ ನೋಡಿಕೊಳ್ಳುವುದು, ಮೊಲೆಯ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು.

ಪಕ್ಕದ ಮನೆಯವರನ್ನು ನೆರೆಯ ದಿನವೇ ಮೊದಲ ಸಲ ಹಸುವಿನ ಬುಡಕ್ಕೆ ಕೂರಿಸಬೇಡಿ. ಹೊಸ ಕೈ, ಹೊಸ ದನಿಗೆ ಬೆದರಿದ ಹಸು ಸೊರ ಕಟ್ಟುತ್ತದೆ. ತಿಂಗಳಿಗೊಂದು ದಿನ ನೀವು ಮನೆಯಲ್ಲಿದ್ದಾಗಲೇ ಅವರು ಕರೆಯಲಿ. ಯಾವ ಹಸು ಒದೆಯುತ್ತದೆ ಎನ್ನುವುದು ಅವರಿಗೆ ಆಗಲೇ ಗೊತ್ತಾಗಬೇಕು.

ಒಂದು ವಿಷಯ ಕೆಂಪು ಅಕ್ಷರದಲ್ಲಿ ಬರೆಯಿರಿ: ಆ್ಯಂಟಿಬಯಾಟಿಕ್ ಕೊಟ್ಟ ಹಸು. ಹಿಂಗಾಲೆರಡಕ್ಕೂ ಕೆಂಪು ಟೇಪ್, ಎಲ್ಲಕ್ಕಿಂತ ಕೊನೆಗೆ ಕರೆಯುವುದು, ಬೇರೆ ಬಕೆಟ್. ಕೊನೆಯ ಡೋಸ್ ಯಾವತ್ತು, ಎಷ್ಟು ಹೊತ್ತಿಗೆ, ಲೇಬಲ್ ಪ್ರಕಾರ ಯಾವ ಹೊತ್ತಿನವರೆಗೆ ಹಾಲು ಹೊರಗೆ ಹೋಗಬಾರದು ಎಂದು ತಾರೀಕು ಹಾಕಿಯೇ ಬರೆಯಿರಿ. "ನಾಲ್ಕು ದಿನ" ಅಂತ ಬರೆದರೆ ಯಾವತ್ತಿನಿಂದ ನಾಲ್ಕು ದಿನ ಎನ್ನುವುದೇ ಜಗಳವಾಗುತ್ತದೆ.

ನೀರು: ಕರೆಯುವ ಹಸುವಿಗೆ ದಿನಕ್ಕೆ 60ರಿಂದ 100 ಲೀಟರ್, ಸೆಖೆಯಲ್ಲಿ ಇನ್ನೂ ಹೆಚ್ಚು. ಕರೆಂಟ್ ಹೋದರೂ ಒಂದು ದಿನ ತಳ್ಳುವಷ್ಟು ಅಂದರೆ ನಿಮಗೆ 1000 ಲೀಟರಿನ ಟ್ಯಾಂಕ್ ತುಂಬಿರಬೇಕು.

---

ಗೊರಸು ಉತ್ತರ:

ಗೋದಲಿಯವರು ದಿನಚರಿ ಹೇಳಿದ್ದಾರೆ. ನಾನು ಕಾಯಿಲೆ ಕಡೆ ಬರೆಯುತ್ತೇನೆ. ಮಗನಿಗೆ ಚಿಕಿತ್ಸೆ ಕಲಿಸುವುದಕ್ಕಿಂತ ಯಾವಾಗ ಫೋನ್ ಮಾಡಬೇಕು, ಫೋನಿನಲ್ಲಿ ಏನು ಹೇಳಬೇಕು ಎನ್ನುವುದನ್ನು ಕಲಿಸಿ. "ಹಸು ಹುಷಾರಿಲ್ಲ" ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಗುದದ ಉಷ್ಣತೆ (38ರಿಂದ 39.3 ಡಿಗ್ರಿ ಸರಿ, ಥರ್ಮಾಮೀಟರ್ ಸಗಣಿಯೊಳಗಲ್ಲ, ಪಕ್ಕದ ಗೋಡೆಗೆ ತಾಗಿರಬೇಕು), ಮೆಲುಕು ಹಾಕುತ್ತಿದೆಯಾ, ಸಗಣಿ ಹೇಗಿದೆ, ಇವತ್ತು ಎಷ್ಟು ಹಾಲು ಕಮ್ಮಿ, ಕರು ಹಾಕಿ ಎಷ್ಟು ದಿನ. ಈ ಐದು ಹೇಳಿದರೆ ಸಾಕು.

ಪಡ್ಡೆಗಳ ವಿಚಾರಕ್ಕೆ ಬರೋಣ. ಬಾಲದ ಬುಡದ ಎರಡೂ ಕಡೆ ನರ ಸಡಿಲಾಗಿ ಗುಂಡಿ ಬಿದ್ದಂತೆ ಕಂಡರೆ, ಕೆಚ್ಚಲು ಬಿಗಿದರೆ, ಒಂದೆರಡು ದಿನದಲ್ಲಿ ಕರು ಹಾಕಬಹುದು ಎಂದರ್ಥ. ನೀರ್ಚೀಲ ಒಡೆದ ಹೊತ್ತನ್ನು ಗೋಡೆ ಮೇಲೆ ಬರೆಯಲಿ. ಸರಿಯಾಗಿ ಬರುವ ಕರುವಿನ ಮುಂಗಾಲೆರಡು ಮೊದಲು ಕಾಣುತ್ತವೆ, ಗೊರಸಿನ ಅಡಿ ನೆಲದ ಕಡೆ, ಅದರ ಮೇಲೆ ಮೂತಿ. ಗೊರಸಿನ ಅಡಿ ಆಕಾಶ ನೋಡುತ್ತಿದ್ದರೆ, ಒಂದೇ ಕಾಲು ಬಂದರೆ, ಬಾಲ ಮಾತ್ರ ಸಿಕ್ಕರೆ ಆ ಕ್ಷಣವೇ ಫೋನ್. ಎಲ್ಲ ಸರಿ ಕಂಡರೂ ನೀರ್ಚೀಲ ಒಡೆದು ಎರಡು ಗಂಟೆಯಾಗಿ ಕರು ಬಾರದಿದ್ದರೆ ಫೋನ್. ಪಡ್ಡೆಗೆ ಮೊದಲ ಕರುವಾದ್ದರಿಂದ ಸ್ವಲ್ಪ ನಿಧಾನ, ಆದರೆ ಕಾಲು ಕಂಡು ಒಂದು ಗಂಟೆ ಒಂದಿಂಚೂ ಮುಂದೆ ಬರದಿದ್ದರೆ ಕಾಯುವುದು ಬೇಡ. ಪಕ್ಕದ ಮನೆಯವರು ಹಗ್ಗ ಕಟ್ಟಿ ಎಳೆಯಲು ಹೊರಟರೆ ಅಮ್ಮ ತಡೆಯಲಿ.

ಹುಟ್ಟಿದ ಕರುವಿಗೆ ಗಿಣ್ಣುಹಾಲು ಮೈತೂಕದ ಹತ್ತರಲ್ಲೊಂದು ಪಾಲು, 30 ಕೆಜಿ ಕರುವಿಗೆ 3 ಲೀಟರ್. ಎರಡು ಗಂಟೆಯೊಳಗೆ ಕುಡಿದರೆ ಉತ್ತಮ, ಆರು ಗಂಟೆ ಮೀರಬಾರದು. 24 ಗಂಟೆಯ ಹೊತ್ತಿಗೆ ಕರುವಿನ ಕರುಳು ರೋಗನಿರೋಧಕ ಅಂಶವನ್ನು ಹೀರಿಕೊಳ್ಳುವುದೇ ನಿಂತಿರುತ್ತದೆ, ಆಮೇಲೆ ಬಕೆಟ್ ಗಟ್ಟಲೆ ಕುಡಿಸಿದರೂ ಆ ಲಾಭವಿಲ್ಲ. ಬೇರೆ ಹಸುವಿನ ಗಿಣ್ಣು ಒಂದೊಂದು ಲೀಟರಿನ ಚೀಲದಲ್ಲಿ ಫ್ರೀಜರಿನಲ್ಲಿಟ್ಟಿದ್ದರೆ ಆಪತ್ತಿಗೆ ಆಗುತ್ತದೆ. ಅದನ್ನು ಒಲೆ ಮೇಲೆ ಕಾಯಿಸಬಾರದು. 50 ಡಿಗ್ರಿಯ ಬಿಸಿನೀರಿನಲ್ಲಿ ಚೀಲ ಇಳಿಬಿಟ್ಟು ಕರಗಿಸಿ, 60 ದಾಟಿದರೆ ನಮಗೆ ಬೇಕಾದ ಅಂಶವೇ ಸತ್ತುಹೋಗುತ್ತದೆ. ಹೊಕ್ಕುಳಿಗೆ ಅಯೋಡಿನ್. ಮಾಸು 12 ಗಂಟೆಯೊಳಗೆ ಬೀಳಬೇಕು, ಒಂದು ದಿನ ಕಳೆದರೂ ಬೀಳದಿದ್ದರೆ ಡಾಕ್ಟರ್. ಎಳೆಯುವುದು, ಕಲ್ಲು ಕಟ್ಟಿ ನೇತುಬಿಡುವುದು ಕೂಡದು.

ಕರು ಹಾಕಿದ ಮೂರು ದಿನದೊಳಗೆ ಹಸು ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ತಿರುಗಿಸಿಕೊಂಡು ಬಿದ್ದಿದ್ದರೆ ಅದು ಹಾಲುಜ್ವರ. ಹೆಸರಲ್ಲಿ ಜ್ವರ ಇದ್ದರೂ ಮೈ ತಣ್ಣಗೇ ಇರುತ್ತದೆ. ಪಡ್ಡೆಗೆ ಇದು ಬರುವುದು ಬಹಳ ಕಡಿಮೆ, ಮೂರನೇ ಕರುವಿನ ಮೇಲಿನ ಹಸುಗಳಿಗೇ ಹೆಚ್ಚು. ಎದೆ ನೆಲಕ್ಕೆ ಊರಿ ಕೂರುವಂತೆ ಹುಲ್ಲಿನ ಕಂತೆ ಆನಿಸಿಡಿ, ಅಡ್ಡ ಮಲಗಲು ಬಿಟ್ಟರೆ ಹೊಟ್ಟೆ ಉಬ್ಬಿ ಸಾಯುತ್ತದೆ. ಬಾಯಿಗೆ ಏನನ್ನೂ ಹೊಯ್ಯಬೇಡಿ, ನುಂಗಲಾರದ ಹಸುವಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಇದಕ್ಕೆ ಕೊಡುವ ಕ್ಯಾಲ್ಸಿಯಂ ರಕ್ತನಾಳಕ್ಕೆ ನಿಧಾನವಾಗಿ ಹೋಗಬೇಕು, ಬೇಗ ಬಿಟ್ಟರೆ ಎದೆಬಡಿತವೇ ನಿಲ್ಲುತ್ತದೆ. ಮನೆಯಲ್ಲಿ ಬಾಟಲಿ ಇದೆ ಅಂತ ಯಾರೂ ಧೈರ್ಯ ಮಾಡಬೇಡಿ.

ಮರೆಯುವ ಇನ್ನೊಂದು: ಬೆದೆ. ನೀವಿಲ್ಲದ ದಿನ ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಇನ್ನೊಂದು ಹಸು ಮೇಲೆ ಹತ್ತಿದಾಗ ಕದಲದೆ ನಿಲ್ಲುವ ಹಸುವಿನ ಹೆಸರು, ಹೊತ್ತು ಮಗ ಬರೆದಿಡಲಿ. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಇನ್ಸೆಮಿನೇಷನ್.

---

ಕೊಟ್ಟಿಗೆಮನೆ:

ಇಬ್ಬರಿಗೂ ಧನ್ಯವಾದ. 36 ಚೀಲದ ಉಪಾಯ ಇವತ್ತಿನಿಂದಲೇ ಶುರು. ಪಡ್ಡೆಗಳ ದಿನ ನೆರೆಗಾಲಕ್ಕೇ ಬರುತ್ತಿದೆ, ಅದೇ ತಲೆನೋವು. ತೋಟದ ಕಡೆ ಯಾರೂ ಹೇಳಲಿಲ್ಲ. ಡ್ರಿಪ್ಪಿನ ವಾಲ್ವ್ ಮಗ ತಿರುಗಿಸಬಹುದಾ? ತಂಡದವರು ನಮ್ಮ ಟ್ರ್ಯಾಕ್ಟರನ್ನೂ ಕೇಳುತ್ತಾರೆ, ಕೊಡುವುದಾದರೆ ಏನು ನೋಡಿಕೊಳ್ಳಬೇಕು?

---

ಗೇಟ್‌ವಾಲ್ವ್ ಉತ್ತರ:

ಮಗ ತಿರುಗಿಸಲಿ, ಕಷ್ಟವೇನಿಲ್ಲ. ನಿಯಮ ಒಂದೇ: ಮುಂದಿನ ವಾಲ್ವ್ ಪೂರ್ತಿ ತೆರೆದ ಮೇಲೇ ಹಿಂದಿನದನ್ನು ಮುಚ್ಚುವುದು. ಉಲ್ಟಾ ಮಾಡಿದರೆ ಪಂಪಿನ ಒತ್ತಡವೆಲ್ಲ ಮುಚ್ಚಿದ ಪೈಪಿಗೆ ಬಿದ್ದು ಜಾಯಿಂಟ್ ಹಾರುತ್ತದೆ. ವಾಲ್ವುಗಳಿಗೆ ಪೇಂಟಿನಲ್ಲಿ ನಂಬರ್ ಹಾಕಿ, ಹಾಳೆಯಲ್ಲಿ ನಂಬರ್ ಮತ್ತು ನಿಮಿಷ ಮಾತ್ರ ಇರಲಿ. ಫಿಲ್ಟರಿನ ಆಚೆ ಈಚೆ ಒತ್ತಡ ತೋರಿಸುವ ಎರಡು ಮೀಟರ್ ಇದ್ದರೆ ಅವುಗಳ ವ್ಯತ್ಯಾಸ ಅರ್ಧ ಕೆಜಿ ದಾಟಿದಾಗ ಫಿಲ್ಟರ್ ತೊಳೆಯಲಿ. ಸ್ಟಾರ್ಟರ್ ಹಾಕಿದ ಮೇಲೆ ಮೋಟಾರು ಸದ್ದು ಮಾಡುತ್ತಿದ್ದು ನೀರು ಬಾರದಿದ್ದರೆ ಕೂಡಲೇ ಆಫ್.

ನೀವಿಲ್ಲದ ದಿನಗಳಲ್ಲಿ ಡ್ರಿಪ್ಪಿನಲ್ಲಿ ಗೊಬ್ಬರ ಬಿಡುವುದು ಬೇಡವೇ ಬೇಡ. ಕೊನೆಗೆ 10-15 ನಿಮಿಷ ಬರೀ ನೀರು ಬಿಟ್ಟು ತೊಳೆಯುವುದನ್ನು ಯಾರಾದರೂ ಮರೆತೇ ಮರೆಯುತ್ತಾರೆ, ಡ್ರಿಪ್ಪರ್ ಕಟ್ಟಿಕೊಂಡರೆ ನಿಮ್ಮ ಮುಂದಿನ ವಾರವೆಲ್ಲ ಅದಕ್ಕೇ. ಮಳೆ ಬರುತ್ತಿದ್ದರೆ ನೀರೇ ಬಿಡಬೇಡಿ, ಮೂರು ದಿನಕ್ಕೆ ತೋಟ ಸಾಯುವುದಿಲ್ಲ. ಸ್ಟಾರ್ಟರ್ ಡಬ್ಬಿಗೆ ನೆರೆನೀರು ತಾಗಿದ್ದರೆ ಎಲೆಕ್ಟ್ರಿಷಿಯನ್ ನೋಡುವತನಕ ಯಾರೂ ಮುಟ್ಟಬಾರದು.

ಟ್ರ್ಯಾಕ್ಟರ್ ಬಗ್ಗೆ. ಮೊದಲು ವಿಮೆಯ ಪಾಲಿಸಿ ಓದಿ. ಕೃಷಿ ಬಳಕೆಗೆ ಮಾತ್ರ ಅಂತ ಇದ್ದರೆ ಟ್ರೇಲರಿನಲ್ಲಿ ಜನ ಸಾಗಿಸುವಾಗ ಆದದ್ದಕ್ಕೆ ವಿಮೆ ಬಾರದೇ ಹೋಗಬಹುದು. ತಂಡದವರು ಹೊಣೆ ಬರೆದುಕೊಡುತ್ತಾರಾ ಕೇಳಿ, ಸಂಕೋಚ ಬೇಡ. ಡೀಸೆಲ್ ಲೆಕ್ಕ ಅಂದಾಜಿನಲ್ಲಿ ಬಿಡಬೇಡಿ. ಫುಲ್ ಟ್ಯಾಂಕ್ ಕೊಟ್ಟು ಫುಲ್ ಟ್ಯಾಂಕ್ ವಾಪಸ್, ಅವರ್ ಮೀಟರ್ ಓದಿದ್ದನ್ನು ಎರಡೂ ಕಡೆಯವರು ಬರೆದುಕೊಳ್ಳುವುದು. ಒಳ್ಳೆಯ ತಂಡಗಳಲ್ಲಿ ಮನಸ್ತಾಪ ಹುಟ್ಟುವುದು ಇಂಥ ಸಣ್ಣ ಲೆಕ್ಕದಲ್ಲೇ.

ಹರಿಯುವ ನೀರಿಗೆ ಇಳಿಸಬೇಡಿ. ಒಂದು ಅಡಿ ಹರಿನೀರು ಸಣ್ಣ ಕಾರನ್ನು ತಳ್ಳುತ್ತದೆ, ಎರಡು ಅಡಿಗೆ ಹೆಚ್ಚಿನ ವಾಹನಗಳು ತೇಲಿಹೋಗುತ್ತವೆ. ಟ್ರ್ಯಾಕ್ಟರ್ ಭಾರ ಇದೆಯಲ್ಲ ಅನ್ನುವವರು ಹಿಂದಿನ ಟ್ರೇಲರನ್ನು ಮರೆತಿರುತ್ತಾರೆ, ಅದು ಅಡ್ಡ ತಿರುಗಿದರೆ ಮುಂದಿನದನ್ನೂ ಎಳೆದುಕೊಳ್ಳುತ್ತದೆ. ಇನ್ನು ಪಿಟಿಓಗೆ (ಯಂತ್ರ ಓಡಿಸಲು ಟ್ರ್ಯಾಕ್ಟರಿನ ಹಿಂದೆ ತಿರುಗುವ ದಂಡ) ನೀರೆತ್ತುವ ಪಂಪ್ ಕಟ್ಟುವುದಾದರೆ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಇರಲೇಬೇಕು. 540 ಆರ್‌ಪಿಎಂ ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಮಳೆಕೋಟಿನ ಅಂಚು ಸಿಕ್ಕಿತೆಂದು ತಿಳಿಯುವಷ್ಟರಲ್ಲಿ ಮನುಷ್ಯ ಸುತ್ತಿಕೊಂಡಿರುತ್ತಾನೆ.

---

ಹಗ್ಗ-ಬೂಟು ಉತ್ತರ:

ತಂಡದ ಕಡೆಯಿಂದ ಹೇಳುತ್ತೇನೆ. ತಂಡ ಬಿಡಿ ಅನ್ನುವುದಿಲ್ಲ, ಆದರೆ ತಂಡದೊಳಗಿನ ಜಾಗ ಬದಲಿಸಿಕೊಳ್ಳಿ ಅನ್ನುತ್ತೇನೆ. ಪಡ್ಡೆಗಳ ದಿನ ಹತ್ತಿರವಿರುವ ಎರಡು ವಾರ ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಬೇಡ. ಎರಡನೇ ಪಾಳಿ, ಸಾಮಾನಿನ ಉಸ್ತುವಾರಿ, ಫೋನ್ ಪಟ್ಟಿ, ಇವೂ ಕೆಲಸವೇ. ಎಲ್ಲರೂ ದೋಣಿಗೇ ಓಡುವುದರಿಂದ ಹಗ್ಗದ ಲೆಕ್ಕ ಇಡಲು ಜನ ಸಿಗುವುದಿಲ್ಲ. ಇದನ್ನು ನಾಯಕರಿಗೆ ಮೊದಲೇ ಹೇಳಿ. ಕರೆ ಬಂದಾಗ ಆಗಲ್ಲ ಅನ್ನುವವರಿಗಿಂತ ತಿಂಗಳ ಮೊದಲೇ ತಾರೀಕು ಕೊಡುವವರನ್ನು ತಂಡ ಹೆಚ್ಚು ನಂಬುತ್ತದೆ.

ರೈತ ತಂಡದಲ್ಲಿರುವುದರ ದೊಡ್ಡ ಲಾಭ ಜಾನುವಾರು ಕೆಲಸದಲ್ಲಿ. ಕೆಸರಿನಲ್ಲಿ ಹೂತ ಹಸುವನ್ನು ಕತ್ತಿಗೆ, ಕೊಂಬಿಗೆ, ಬರೀ ಕಾಲಿಗೆ ಹಗ್ಗ ಹಾಕಿ ಎಳೆಯುವುದನ್ನು ನಿಲ್ಲಿಸಲು ಗೊತ್ತಿದ್ದವರೊಬ್ಬರು ಬೇಕು. ನಾಲ್ಕು ಬೆರಳಿಗಿಂತ ಅಗಲದ ಪಟ್ಟಿ, ಮುಂಗಾಲಿನ ಹಿಂದೆ ಎದೆ ಸುತ್ತ. ಕೆಸರು ಹೀರಿ ಹಿಡಿದಿರುತ್ತದೆ, ಮೊದಲು ಕಾಲಿನ ಪಕ್ಕಕ್ಕೆ ಪೈಪಿನಲ್ಲಿ ನೀರು ಬಿಟ್ಟು ಆ ಹಿಡಿತ ಬಿಡಿಸಿ, ಆಮೇಲೆ ನಿಧಾನಕ್ಕೆ ಎಳೆಯಿರಿ. ಒಬ್ಬರು ತಲೆ ಎತ್ತಿ ಹಿಡಿದಿರಲಿ. ಬಿಗಿದ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ತುಂಡಾದ ಹಗ್ಗ ಕಾಲು ಮುರಿಯುತ್ತದೆ. ನೀರು ಏರುತ್ತಿದ್ದು ಸಾಗಿಸಲು ಹೊತ್ತಿಲ್ಲದಿದ್ದರೆ ಕೊರಳ ಹಗ್ಗ ಬಿಚ್ಚಿಬಿಡಿ. ದನ ಈಜುತ್ತದೆ, ಕಟ್ಟಿಹಾಕಿದ್ದು ಸಾಯುತ್ತದೆ. ನಿಮ್ಮದೇ ಕೊಟ್ಟಿಗೆಗೂ ಇದು ಅನ್ವಯ, ಹಾಳೆಯಲ್ಲಿ ಬರೆಯಿರಿ.

ಗೊಬ್ಬರದ ಗುಂಡಿ, ಬಯೋಗ್ಯಾಸ್ ತೊಟ್ಟಿ, ಪಾಳುಬಾವಿ. ಒಳಗೆ ಬಿದ್ದವರನ್ನು ಎತ್ತಲು ಯಾರೂ ಇಳಿಯಬಾರದು. ಒಬ್ಬರ ಹಿಂದೆ ಇನ್ನೊಬ್ಬರು ಇಳಿದು ಮೂರು ನಾಲ್ಕು ಜನ ಸಾಯುವುದು ಹೀಗೆಯೇ. ಸಗಣಿ ಕಲಕಿದಾಗ ಏಳುವ ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ, 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಹೊತ್ತಿಗೆ ಮೂಗೇ ಕೆಲಸ ನಿಲ್ಲಿಸುತ್ತದೆ. ವಾಸನೆ ಹೋಯಿತು, ಗಾಳಿ ಸರಿಯಾಯಿತು ಅಂದುಕೊಳ್ಳುವುದು ಆಗಲೇ. ದೀಪ ಇಳಿಸಿ ನೋಡುವ ಹಳೇ ಕ್ರಮ ಆಮ್ಲಜನಕ ಇದೆಯಾ ಎಂದಷ್ಟೇ ಹೇಳುತ್ತದೆ, ಈ ವಿಷ ತೋರಿಸುವುದಿಲ್ಲ, ಮೇಲಾಗಿ ಬಯೋಗ್ಯಾಸ್ ಇದ್ದರೆ ದೀಪವೇ ಸಿಡಿಸುತ್ತದೆ. ಉಸಿರಾಟದ ಉಪಕರಣ ಇರುವ ಅಗ್ನಿಶಾಮಕದವರು ಬರುವತನಕ ಮೇಲಿನಿಂದ ಗಾಳಿ ಬೀಸುವುದು, ಹಗ್ಗ ಇಳಿಬಿಡುವುದು ಅಷ್ಟೇ. ನಿಮ್ಮ ಮಗನಿಗೆ ಇದನ್ನು ಎರಡು ಸಲ ಹೇಳಿ.

ಕೊನೆಗೆ ಪಾಳಿ. 17-18 ಗಂಟೆ ಎದ್ದಿದ್ದವರ ಕೈ, ಕಣ್ಣು ಕುಡಿದವರಂತೆಯೇ ತಡವರಿಸುತ್ತವೆ. ತಂಡದಿಂದ ಮರಳಿದ ಕೂಡಲೇ ಟ್ರ್ಯಾಕ್ಟರ್, ಮೇವು ಕತ್ತರಿಸುವ ಯಂತ್ರ ಮುಟ್ಟಬೇಡಿ. ಹಾಳೆಯ ಲೆಕ್ಕದಲ್ಲಿ ಒಂದು ದಿನ ಹೆಚ್ಚೇ ಸೇರಿಸಿ, ಅದು ನಿಮ್ಮ ನಿದ್ದೆಗೆ.

---

ಗೋದಲಿ:

ಹಗ್ಗ-ಬೂಟು ಹೇಳಿದ್ದೆಲ್ಲ ಸರಿ. ಆದರೆ "ಒಂದು ದಿನ ಹೆಚ್ಚು" ಅಂದರೆ ಪಕ್ಕದ ಮನೆಯವರ ನಾಲ್ಕನೇ ದಿನ. ಅವರಿಗೂ ಹೊಲ ಇರುತ್ತದೆ. ಪ್ರತಿಯಾಗಿ ಅವರ ಯಾವ ಕೆಲಸಕ್ಕೆ ನೀವು ಎಷ್ಟು ದಿನ ಹೋಗುತ್ತೀರಿ ಎಂದು ಮೊದಲೇ ಮುಯ್ಯಿ ಮಾತಾಡಿಕೊಳ್ಳಿ. ತಂಡದಲ್ಲೇ ಹಾಲು ಕರೆಯಬಲ್ಲ ಒಬ್ಬರನ್ನು ಸದಸ್ಯರ ಕೊಟ್ಟಿಗೆಗಳಿಗೆಂದೇ ಇಟ್ಟರೆ ಇನ್ನೂ ಚೆನ್ನ.

---

ಗೊರಸು:

ರಕ್ತದಾನದ ಬಗ್ಗೆ ಎರಡೇ ಮಾತು. ಕೊಟ್ಟ ದಿನ ಮೂಟೆ ಎತ್ತುವುದು, ಆ ಕೈಯಲ್ಲಿ ಹಾಲು ಕರೆಯುವುದು ಬೇಡ, ಸೂಜಿ ಹಾಕಿದ ಜಾಗದಲ್ಲಿ ರಕ್ತ ಮತ್ತೆ ಒಸರಿ ಕಪ್ಪುಗಟ್ಟುತ್ತದೆ. ಸಂಜೆಯ ಕರೆ ಬೇರೆಯವರಿಗೆ ವಹಿಸಿ ಹೋಗಿ. ಬಿಸಿಲಿನ ಕೆಲಸವೂ ಬೇಡ, ನೀರು ಹೆಚ್ಚು ಕುಡಿಯಿರಿ.

ಇನ್ನೊಂದು, ಇದುವರೆಗೆ ಯಾರೂ ಎತ್ತದ್ದು: ನೀವು ಬೇರೆಯವರ ದನ ಮುಟ್ಟಿ ಬಂದ ಬೂಟಿನಲ್ಲಿ ನಿಮ್ಮ ಕೊಟ್ಟಿಗೆಗೆ ಕಾಲುಬಾಯಿ ಜ್ವರ ಬರಬಹುದು.

---

ಕೊಟ್ಟಿಗೆಮನೆ:

ಇದು ಹೊಳೆದೇ ಇರಲಿಲ್ಲ. ಬೂಟು ಫಿನಾಯಿಲಿನಲ್ಲಿ ತೊಳೆದರೆ ಸಾಕಾ?

---

ಗೊರಸು:

ಈ ವೈರಸ್ಸಿಗೆ ಅದನ್ನು ನಂಬಬೇಡಿ. ಹುಳಿಗೂ ಕ್ಷಾರಕ್ಕೂ ಇದು ಬೇಗ ಸಾಯುತ್ತದೆ, ಹಾಗಾಗಿ ವಾಷಿಂಗ್ ಸೋಡಾ ಸಾಕು: 10 ಲೀಟರ್ ನೀರಿಗೆ 400 ಗ್ರಾಂ. ಅಡುಗೆ ಸೋಡಾ ಅಲ್ಲ, ಅದು ಬೇರೆ. ಮೊದಲು ಬ್ರಷ್ ಹಾಕಿ ಅಟ್ಟೆಯ ಸಂದಿನ ಸಗಣಿ, ಮಣ್ಣು ಪೂರ್ತಿ ತೆಗೆಯಿರಿ, ಕೊಳೆ ಇದ್ದರೆ ಯಾವ ಔಷಧವೂ ಒಳಗಿಳಿಯುವುದಿಲ್ಲ. ಆಮೇಲೆ ಹತ್ತು ನಿಮಿಷ ದ್ರಾವಣದಲ್ಲಿ ನಿಲ್ಲಿಸಿ. ಕಣ್ಣಿಗೆ ಹಾರದಂತೆ ಎಚ್ಚರ, ಕೈಗೆ ಗವಸು. ಬಕೆಟ್ ಗೇಟಿನ ಹೊರಗಿರಲಿ, ದ್ರಾವಣ ಕೊಳಕಾದ ಕೂಡಲೇ ಚೆಲ್ಲಿ ಹೊಸದು ಮಾಡಿ. ಬಟ್ಟೆ ಅಲ್ಲೇ ಬದಲಿಸಿ, ತಲೆಗೆ ಸ್ನಾನ ಮಾಡಿ, ತಂಡದ ಹಗ್ಗಗಳನ್ನು ಕೊಟ್ಟಿಗೆಯಲ್ಲಿ ನೇತುಹಾಕಬೇಡಿ. ಸಾಗಿಸಿದ ದನಗಳಲ್ಲಿ ಜೊಲ್ಲು, ಬಾಯಿ ಹುಣ್ಣು, ಕುಂಟು ಕಂಡಿದ್ದರೆ ಮರುದಿನವೂ ಹಾಲನ್ನು ಅಮ್ಮ, ಪಕ್ಕದ ಮನೆಯವರೇ ಕರೆಯಲಿ, ನೀವು ತೋಟದ ಕಡೆ ಇರಿ. ಲಸಿಕೆಯ ತಾರೀಕು ಹಾಳೆಯ ಮೇಲ್ತುದಿಯಲ್ಲೇ ಬರೆದಿಡಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ.